ಮೊದಲನೇ ಬೈಕೇ ಸೂಪರ್‌ಬೈಕ್ ಆಗ್ಬೇಕಾ?

ಕೇಳುಗರೇ ನಮಸ್ಕಾರ. ಮೊದಲನೇ ಸಂಬಳ ಕೈಗೆ ಬಂತು ಅಂದ್ರೆ ಸಾಕು, ನಮ್ಮ ಹುಡುಗ್ರು ಮನೇಲಿ ತೆಗೆಯೋ ರಾಗ ಒಂದೇ, ಸ್ಪೋರ್ಟ್ಸ್ ಬೈಕ್ ಬೇಕು, ಇಎಂಐ ನಾನೇ ಕಟ್ಕೋತೀನಿ ಅಂತ. ನನ್ನ ಉತ್ತರ ಮೊದ್ಲೇ ಹೇಳ್ಬಿಡ್ತೀನಿ, ಸ್ಪೋರ್ಟ್ಸ್ ಬೈಕ್ ಧಾರಾಳವಾಗಿ ತಗೊಳ್ಳಿ, ಪವರ್ ವಿಷಯದಲ್ಲಿ ಮಾತ್ರ ಸ್ವಲ್ಪ ತಡ್ಕೊಳ್ಳಿ.

ಯಾಕಂದ್ರೆ ನಮ್ಮಲ್ಲಿ ತಡೆಯೋರು ಯಾರೂ ಇಲ್ಲ. ಆರ್‌ಟಿಓದಲ್ಲಿ ಎಂಟು ಹಾಕಿ ಗೇರ್ ಗಾಡಿ ಲೈಸೆನ್ಸ್ ತಗೊಂಡ್ರೆ, 18 ತುಂಬಿದ ಹುಡುಗ ಎಂಜಿನ್ ಪವರ್ 8 ಬಿಎಚ್‌ಪಿ ಇರೋ ಸ್ಪ್ಲೆಂಡರೂ ಓಡಿಸ್ಬಹುದು, 200ರ ಆಸುಪಾಸು ಬಿಎಚ್‌ಪಿ ಇರೋ ನಿಂಜಾ ಝಡ್‌ಎಕ್ಸ್-10ಆರ್ ಕೂಡ ಓಡಿಸ್ಬಹುದು, ಎರಡಕ್ಕೂ ಅದೇ ಲೈಸೆನ್ಸು. ಬ್ರಿಟನ್‌ನಲ್ಲಿ ಹಂಗಿಲ್ಲ ನೋಡಿ, 19ಕ್ಕೆ ಸಿಗೋ ಲೈಸೆನ್ಸಲ್ಲಿ 35 ಕಿಲೋವ್ಯಾಟ್, ಅಂದ್ರೆ ಸುಮಾರು 47 ಬಿಎಚ್‌ಪಿ ದಾಟೋ ಹಂಗಿಲ್ಲ, ಅದಕ್ಕಿಂತ ದೊಡ್ಡದು ನೇರವಾಗಿ ಬೇಕು ಅಂದ್ರೆ 24 ಆಗ್ಬೇಕು.

ಹಳಬರಿಗೆ ಆರ್‌ಡಿ 350 ನೆನಪಿರುತ್ತೆ, 80ರ ದಶಕದಲ್ಲಿ ರಾಜದೂತ್ ಹೆಸರಲ್ಲಿ ಬಂತಲ್ಲ, ಅದರ ಪವರ್ 30 ಬಿಎಚ್‌ಪಿ ಅಷ್ಟೆ, ಅದಕ್ಕೇ ಜನ ಹೆದರ್ತಿದ್ರು. ಈಗ 43 ಬಿಎಚ್‌ಪಿ ಕೆಟಿಎಂ ಆರ್‌ಸಿ 390 ಎಷ್ಟೋ ಜನಕ್ಕೆ ಮೊದಲನೇ ಬೈಕು!

ನಾನು ಸ್ಪೀಡಾಗಿ ಹೋಗಲ್ಲ, ಕಂಟ್ರೋಲ್ ನನ್ನ ಕೈಲಿರುತ್ತೆ ಅಂತಾರೆ ಹುಡುಗ್ರು. ಎಲ್ಲಾ ಇರೋದು ಆ ಕೈಯಲ್ಲೇ ಅಲ್ವಾ. ನಂದಿ ಬೆಟ್ಟದ ಕಡೆ ಹೋಗ್ತಿದ್ದೀರಿ ಅಂದ್ಕೊಳ್ಳಿ, ಯಾವುದೋ ಊರ ಮುಂದೆ ಬಣ್ಣ ಬಳಿಯದೇ ಇರೋ ಹಂಪು, ಗಾಡಿ ಎಗರುತ್ತೆ, ಮೈ ಹಿಂದಕ್ಕೆ ವಾಲುತ್ತೆ, ಬೀಳ್ದಿರ್ಲಿ ಅಂತ ಹ್ಯಾಂಡಲ್ ಬಿಗಿಯಾಗಿ ಹಿಡ್ಕೋತೀರಿ, ಆಗ ಮಣಿಕಟ್ಟು ತನಗೇ ಗೊತ್ತಿಲ್ದಂಗೆ ಆಕ್ಸಿಲರೇಟರ್ ತಿರುಗಿಸುತ್ತೆ. ಸ್ಪ್ಲೆಂಡರ್ ಆದ್ರೆ ಗೊರ್ ಅಂತ ಸುಮ್ನಾಗುತ್ತೆ. ಲೀಟರ್ ಬೈಕ್, ಅಂದ್ರೆ ಆ ನಿಂಜಾ ಥರದ ಸುಮಾರು 1000 ಸಿಸಿ ಗಾಡಿ, ಮುಂದಕ್ಕೆ ಚಿಮ್ಮುತ್ತೆ, ಮೈ ಇನ್ನೂ ಹಿಂದೆ ಹೋಗುತ್ತೆ, ಕೈ ಇನ್ನೂ ತಿರುಗುತ್ತೆ. ಆ ಕೈನ ವಾಪಸ್ ತರೋದು ಅಭ್ಯಾಸದಿಂದ ಬರೋ ವಿದ್ಯೆ, ಹೊಸಬ್ರಿಗೆ ಅದು ಇನ್ನೂ ಬಂದಿರಲ್ಲ. ಟ್ರಾಕ್ಷನ್ ಕಂಟ್ರೋಲ್ ಇದೆಯಲ್ಲ ಅಂತೀರಾ, ಅದು ಚಕ್ರ ಜಾರೋದು ತಡೆಯುತ್ತೆ, ಮುಂದಿರೋ ಆಟೋನ ತಡೆಯಲ್ಲ.

ಬ್ರೇಕೂ ಅಷ್ಟೆ. ನಾಯಿ ಅಡ್ಡ ಬಂತು ಅಂದ್ರೆ ಹೊಸಬ್ರು ಮುಂದಿನ ಬ್ರೇಕ್ ಗಬಕ್ಕನೆ ಹಿಡೀತಾರೆ. 2019ರಿಂದ 125 ಸಿಸಿ ಮೇಲಿನ ಹೊಸ ಬೈಕ್‌ಗಳಿಗೆ ಎಬಿಎಸ್, ಅಂದ್ರೆ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂಗೆ ನೋಡ್ಕೊಳ್ಳೋ ವ್ಯವಸ್ಥೆ, ಕಡ್ಡಾಯ, ಒಳ್ಳೇದೇ, ಆದ್ರೆ ತಿರುವಲ್ಲಿ ಬೈಕ್ ವಾಲಿಸಿರೋವಾಗ ಜಲ್ಲಿ ಮೇಲೆ ಹಿಡಿದ್ರೆ ಯಾವ ಎಬಿಎಸ್ಸೂ ಗ್ಯಾರಂಟಿ ಕೊಡಲ್ಲ.

ಇನ್ನು ಸಿಲ್ಕ್ ಬೋರ್ಡ್ ಟ್ರಾಫಿಕ್ ಬಗ್ಗೆ ಹೇಳೋದೇ ಬೇಡ. ರೇಡಿಯೇಟರ್ ಫ್ಯಾನ್ ಬಿಸಿಗಾಳಿ ತೊಡೆಗೆ ಹೊಡೀತಿರುತ್ತೆ, ಬಗ್ಗಿ ಕೂತು ಮೈಭಾರವೆಲ್ಲ ಮಣಿಕಟ್ಟಿನ ಮೇಲೆ, ಹ್ಯಾಂಡಲ್ ಪೂರ್ತಿ ತಿರುಗಲ್ಲ ಯೂ ಟರ್ನ್‌ಗೆ ಎರಡು ಸಲ ಹಿಂದೆ ಮುಂದೆ, ಅದೂ 200 ಕೆಜಿ ಗಾಡಿ.

ಹಂಗಾದ್ರೆ ಯಾವುದು? ಯಮಹಾ ಆರ್15 ನೋಡಿ, 155 ಸಿಸಿ, 18 ಬಿಎಚ್‌ಪಿ, ಬಗ್ಗಿ ಕೂತು ಓಡಿಸೋ ಮಜಾ ಅಲ್ಲೂ ಇದೆ, ತಪ್ಪು ಮಾಡಿದ್ರೆ ಕ್ಷಮಿಸುತ್ತೆ. ಒಂದು ಮಳೆಗಾಲ ಪೂರ್ತಿ ಅದ್ರಲ್ಲಿ ಓಡಿಸಿ, ಆಮೇಲೆ ನಮ್ಮ ಪಕ್ಕದ ಹೊಸೂರಲ್ಲೇ ತಯಾರಾಗೋ ಅಪಾಚೆ ಆರ್‌ಆರ್ 310 ಆಗ್ಲಿ, 390 ಆಗ್ಲಿ ನೋಡೋಣ. ಉಳಿದ ದುಡ್ಡಲ್ಲಿ ಒಳ್ಳೇ ಫುಲ್ ಫೇಸ್ ಹೆಲ್ಮೆಟ್, ಜಾಕೆಟ್, ಗ್ಲೌಸ್, ಕಣಕಾಲು ಮುಚ್ಚೋ ಬೂಟು. ಬಿದ್ದಾಗ ಎಲ್ರೂ ಮೊದ್ಲು ಊರೋದು ಅಂಗೈನೇ, ಆದ್ರೂ ಗ್ಲೌಸ್ ಮಾತ್ರ ಯಾರೂ ತಗೊಳಲ್ಲ ಅದ್ಯಾಕೋ.

ಸೆಕೆಂಡ್ ಹ್ಯಾಂಡ್ ಆದ್ರೂ ನಡೆಯುತ್ತೆ, ಆದ್ರೆ ಗಾಡಿ ಬಿದ್ದು ಎದ್ದಿದ್ಯಾ ಅಂತ ತಿಳಿಯೋಕೆ ಹ್ಯಾಂಡಲ್ ನೆಟ್ಟಗಿದ್ಯಾ, ಫೋರ್ಕಲ್ಲಿ, ಅಂದ್ರೆ ಮುಂದಿನ ಚಕ್ರ ಹಿಡಿದಿರೋ ಕೊಳವೆಗಳಲ್ಲಿ, ಆಯಿಲ್ ಜಿನುಗ್ತಿದ್ಯಾ, ಬ್ರೇಕ್, ಕ್ಲಚ್ ಲಿವರ್ ತುದಿ ಉಜ್ಜಿದ್ಯಾ ಅಂತ ಹಗಲು ಬೆಳಕಲ್ಲೇ ನೋಡಿ, ಸಂಜೆ ಮೇಲೆ ಬನ್ನಿ ಅಂತ ಕರೆಯೋರ ಹತ್ರ ಹೋಗ್ಲೇಬೇಡಿ. ನಮಸ್ಕಾರ.