ಟಿ ಕೋಶದ ಬೆರಳಿಗೆ ಶಾಯಿ

ಎಲ್ಲರಿಗೂ ನಮಸ್ಕಾರ. ನಾನು ಹೇಳಬೇಕಿರುವುದು ರಕ್ತದಲ್ಲಿರುವ ಟಿ ಕೋಶಗಳ ಬಗ್ಗೆ, ಅಂದರೆ ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕೋಶಗಳ ಬಗ್ಗೆ. ಆದರೆ ಮೈಸೂರಿನಲ್ಲಿ ನಿಂತಿದ್ದೇನಲ್ಲ, ಶಾಯಿಯಿಂದಲೇ ಶುರು ಮಾಡುತ್ತೇನೆ. ಓಟು ಹಾಕಿದಾಗ ಎಡಗೈ ತೋರುಬೆರಳಿಗೆ ಹಚ್ಚುತ್ತಾರಲ್ವಾ, ಆ ಶಾಯಿ ತಯಾರಾಗುವುದು ನಮ್ಮೂರಿನ ಮೈಸೂರು ಪೇಂಟ್ಸ್ ಕಾರ್ಖಾನೆಯಲ್ಲಿ. 1962ರ ಚುನಾವಣೆಯಿಂದ ಬಳಕೆಯಲ್ಲಿದೆ. ಬೆರಳು ನೋಡಿದರೆ ನೀವು ಓಟು ಹಾಕಿದ್ದು ಗೊತ್ತಾಗುತ್ತದೆ. ಯಾರಿಗೆ ಹಾಕಿದಿರಿ ಅನ್ನುವುದು ಗೊತ್ತಾಗುವುದಿಲ್ಲ. ನನ್ನ ಮಾತೆಲ್ಲ ಇದರ ಸುತ್ತಲೇ.

ಮೈಕ್ರೋಸ್ಕೋಪಿನಲ್ಲಿ ಟಿ ಕೋಶ ಸುಮ್ನೆ ಒಂದು ದುಂಡನೆಯ ಕೋಶ. ಇನ್ನೊಂದು ಬಗೆಯ ಬಿಳಿ ರಕ್ತಕೋಶವಾದ ಬಿ ಕೋಶವೂ ಹಾಗೇ ಕಾಣುತ್ತದೆ. ವ್ಯತ್ಯಾಸ ಇರುವುದು ಮೈಮೇಲಿನ ಪ್ರೊಟೀನುಗಳಲ್ಲಿ. ಈ ಗುರುತುಗಳನ್ನು ಸಿಡಿ ಅಂತ ಸೇರಿಸಿ ಸಂಖ್ಯೆಯಿಂದ ಕರೆಯುತ್ತಾರೆ. ಟಿ ಕೋಶಗಳ ಮೇಲೆ ಸಿಡಿ3. ಅವುಗಳಲ್ಲಿ ಸಹಾಯಕ ಕೋಶಗಳ ಮೇಲೆ ಸಿಡಿ4, ಕೊಲ್ಲುವ ಕೋಶಗಳ ಮೇಲೆ ಸಿಡಿ8. ಮಾನೊಸೈಟ್ ಅನ್ನುವ ಬೇರೆ ಬಿಳಿ ರಕ್ತಕೋಶದ ಮೇಲೂ ಸಿಡಿ4 ಸ್ವಲ್ಪ ಇರುತ್ತದೆ, ಅದಕ್ಕೇ ಸಿಡಿ3 ಜೊತೆಗಿಟ್ಟು ನೋಡಬೇಕು. ಇಂಥ ಗುರುತನ್ನು ಹುಡುಕಿ ಅಂಟಿಕೊಳ್ಳುವ ಪ್ರೊಟೀನೇ ಆಂಟಿಬಾಡಿ. ಒಂದೊಂದಕ್ಕೂ ಅಂಟುವ ಆಂಟಿಬಾಡಿ ಬೇರೆ, ಅದಕ್ಕೆ ಕಟ್ಟಿದ ಹೊಳೆಯುವ ಬಣ್ಣ ಬೇರೆ. ಒಂದೇ ಗುರುತನ್ನು ಹಿಡಿಯುವ ಆಂಟಿಬಾಡಿಯನ್ನು ಬೇಕಾದಷ್ಟು ಬೆಳೆಸುವ ದಾರಿ ತೋರಿಸಿದವರು ಕೋಹ್ಲರ್ ಮತ್ತು ಮಿಲ್‌ಸ್ಟೈನ್, 1975ರಲ್ಲಿ, ಕೇಂಬ್ರಿಜ್‌ನಲ್ಲಿ.

ಈ ಬಣ್ಣಗಳನ್ನು ಓದುವ ಯಂತ್ರ ಫ್ಲೋ ಸೈಟೋಮೀಟರ್. ಅದರ ಕೆಲಸ ಸರಳ. ಕೋಶಗಳು ನೀರಿನ ಧಾರೆಯಲ್ಲಿ ಒಂದರ ಹಿಂದೊಂದು ಲೇಸರ್ ಮುಂದೆ ಹಾಯುತ್ತವೆ, ಸೆಕೆಂಡಿಗೆ ಸಾವಿರಗಟ್ಟಲೆ. ಯಾವ ಬಣ್ಣ ಎಷ್ಟು ಹೊಳೆಯಿತು ಅಂತ ಯಂತ್ರ ಬರೆದುಕೊಳ್ಳುತ್ತದೆ. ಒಂದು ಬಣ್ಣದ ಬೆಳಕು ಪಕ್ಕದ ಬಣ್ಣದ ಲೆಕ್ಕಕ್ಕೂ ಸ್ವಲ್ಪ ಸೋರುತ್ತದೆ, ಅದನ್ನು ಕಳೆಯಬೇಕು. ಅಷ್ಟೇ.

ಎಚ್‌ಐವಿ ಇರುವವರ ಸಿಡಿ4 ಕೋಶಗಳನ್ನು ಎಣಿಸುವುದು ಹೀಗೇ. ಆದರೆ ಇದು ಬರೀ ತಲೆ ಎಣಿಕೆ. ಕೋಶ ಏನು ಮಾಡುತ್ತಿದೆ ಅನ್ನುವುದು ಬೇರೆ ಪ್ರಶ್ನೆ. ಎಚ್ಚರವಾದ ಟಿ ಕೋಶ ಕೆಲವೇ ಗಂಟೆಗಳಲ್ಲಿ ಸಿಡಿ69 ತೋರಿಸುತ್ತದೆ. ಸಿಡಿ25 ಜಾಸ್ತಿಯಾಗುವುದು ಮರುದಿನದ ಹೊತ್ತಿಗೆ. ಇನ್ನೂ ಮುಂದೆ ಹೋಗಿ, ಕೋಶ ಬೇರೆ ಕೋಶಗಳಿಗೆ ಸುದ್ದಿ ಮುಟ್ಟಿಸುವ ಇಂಟರ್‌ಫೆರಾನ್ ಗಾಮಾ ಅನ್ನುವ ಪ್ರೊಟೀನು ತಯಾರಿಸುತ್ತಿದೆಯಾ ಅಂತ ನೋಡಬೇಕಾದರೆ ಒಳಗೇ ಕೈ ಹಾಕಬೇಕು.

ಇಲ್ಲಿ ನಾನೊಮ್ಮೆ ಚೆನ್ನಾಗಿ ಎಡವಿದ್ದೆ. ಕೋಶಗಳನ್ನು ಆರು ಗಂಟೆ ಕೆರಳಿಸಿ, ಫಾರ್ಮಲ್ಡಿಹೈಡಿನಲ್ಲಿ ಗಟ್ಟಿ ಮಾಡಿ, ಸಪೋನಿನ್ ಅನ್ನುವ ಸೋಪಿನಂಥ ವಸ್ತು ಹಾಕಿ ತೂತು ಮಾಡಿ, ಆಂಟಿಬಾಡಿ ಒಳಗೆ ಕಳಿಸಿದೆ. ಪರದೆ ಮೇಲೆ ಸಿಡಿ8 ಚುಕ್ಕೆಗಳು ಒತ್ತೊತ್ತಾಗಿ ಬಂದವು. ಇಂಟರ್‌ಫೆರಾನ್ ಕಡೆ ಖಾಲಿ. ಆಂಟಿಬಾಡಿ ಕೆಟ್ಟಿದೆ ಅಂತ ಗೈಡ್ ಹತ್ತಿರ ಗೊಣಗಿದೆ. ಅವರು ಕೇಳಿದ್ದು ಒಂದೇ: "ಬಾಗಿಲು ಹಾಕಿದ್ಯಾ?" ಹಾಕಿರಲಿಲ್ಲ. ಕೋಶ ಮಾಡಿದ ಪ್ರೊಟೀನು ಹೊರಗೆ ಹೋಗದಂತೆ ತಡೆಯುವ ಬ್ರೆಫೆಲ್ಡಿನ್ ಎ ಸೇರಿಸುವುದು ಮರೆತಿದ್ದೆ. ಕೋಶ ಇಂಟರ್‌ಫೆರಾನ್ ಮಾಡಿದಷ್ಟನ್ನೂ ಹೊರಗೆ ಚೆಲ್ಲಿತ್ತು.

ಕೋಶ ಎಷ್ಟು ಸಲ ಒಡೆದು ಎರಡಾಯಿತು ಅಂತ ನೋಡಲು ಸಿಎಫ್‌ಎಸ್‌ಇ ಬಣ್ಣ ಇದೆ. ಇದು ಆಂಟಿಬಾಡಿ ಅಲ್ಲ, ಕೋಶದೊಳಗೇ ಉಳಿಯುವ ಬಣ್ಣ. ಮಂಡ್ಯದ ಒಂದು ಅಚ್ಚು ಬೆಲ್ಲವನ್ನು ಇಬ್ಬರಿಗೆ, ಆಮೇಲೆ ನಾಲ್ವರಿಗೆ ಹಂಚಿದ ಹಾಗೆ, ಪ್ರತಿ ಸಲವೂ ಹೊಳಪು ಅರ್ಧ.

ಶಾಯಿಯ ಹೋಲಿಕೆ ಒಂದು ಕಡೆ ಕೈಕೊಡುತ್ತದೆ. ಪಿಎಂಎ ಅನ್ನುವ ರಾಸಾಯನಿಕ ಹಾಕಿ ಕೆರಳಿಸಿದರೆ ಕೋಶ ತನ್ನ ಸಿಡಿ4 ಅನ್ನೇ ಒಳಗೆಳೆದುಕೊಳ್ಳುತ್ತದೆ. ಕೆಲಸಕ್ಕಿಳಿದವನ ಗುರುತೇ ಮಾಯ! ಅದಕ್ಕೆ ಕೆಲವರು ಸಿಡಿ3 ಇದ್ದು ಸಿಡಿ8 ಇಲ್ಲದವನ್ನು ಸಹಾಯಕ ಕೋಶ ಅಂತ ಲೆಕ್ಕ ಹಿಡಿಯುತ್ತಾರೆ.

ಹಿಂದೊಮ್ಮೆ ಒಬ್ಬ ಹುಡುಗಿ ಕೇಳಿದ್ದಳು: "ಸಾರ್, ಸಿಡಿ3ಗೆ ಆಂಟಿಬಾಡಿ ಅಂಟಿಸಿದರೆ ಕೋಶಕ್ಕೇ ಎಚ್ಚರ ಆಗೋಲ್ವಾ?" ಆಗಬಹುದಮ್ಮ. ಲ್ಯಾಬಿನಲ್ಲಿ ಟಿ ಕೋಶವನ್ನು ಕೆರಳಿಸಲು ಬಳಸುವುದೇ ಅದನ್ನು. ಅದಕ್ಕೇ ನೋಡಿ, ಬಣ್ಣ ಹಚ್ಚುವಾಗ ನಮ್ಮ ಟ್ಯೂಬುಗಳು ಐಸ್ ಮೇಲೆ ಕೂತಿರುತ್ತವೆ.