ಸ್ಟ್ರೈಕರೂ ಸ್ಟ್ರೈಕೂ

ಕೇಳುಗರೆಲ್ಲರಿಗೂ ನಮಸ್ಕಾರ.

ಮೊದಲಿಗೆ ಒಂದು ಪೆನಾಲ್ಟಿಯ ಕತೆ. 2025ರ ಜನವರಿಯಲ್ಲಿ ನಮ್ಮೂರಿನ ಕೊಯ್ಲು ಮುಗಿದ ಗದ್ದೆಯಲ್ಲಿ ಮಾಷ್ಟ್ರುಗಳಿಗೂ ಹಳೆ ವಿದ್ಯಾರ್ಥಿಗಳಿಗೂ ಒಂದು ಸೆವೆನ್ಸ್, ಅಂದರೆ ಏಳೇಳು ಜನರ ಫುಟ್‌ಬಾಲ್ ಪಂದ್ಯ ಇಟ್ಟಿದ್ದರು. ಅಡಿಕೆ ಮರದ ಗೋಲ್ ಪೋಸ್ಟ್, ಹಿಂದೆ ಮೀನಿನ ಹಳೆ ಬಲೆ. ನಾನು ಫಾರ್ವರ್ಡ್. ವಯಸ್ಸು 54, ಬಲ ಮಂಡಿಗೆ ಬ್ಯಾಂಡೇಜ್. ನಮಗೊಂದು ಪೆನಾಲ್ಟಿ ಸಿಕ್ಕಿತು. ‘ಸೀನಿಯರ್ ಮಾಷ್ಟ್ರೇ ಹೊಡೆಯಲಿ’ ಅಂದರು. ಕೂಳೆಗಳ ನಡುವೆ ಸಪಾಟು ಜಾಗ ಹುಡುಕಿ ಚೆಂಡು ಇಟ್ಟೆ. ಓಡಿ ಬಂದೆ. ಹೊಡೆದೆ. ಚೆಂಡು ಪೋಸ್ಟಿನ ಮೇಲಿಂದ ಹಾರಿ, ಕಟ್ಟಪುಣಿ ದಾಟಿ, ಸೀದಾ ತೋಡಿಗೆ ಬಿತ್ತು. ಎದುರು ಟೀಮಿನ ಗೋಲ್ ಕೀಪರ್ ಈಗ ಆಟೋ ಓಡಿಸುವ ಹುಡುಗ. ಹತ್ತಿರ ಬಂದು ಮೆಲ್ಲಗೆ ಕೇಳಿದ: ‘ಮಾಷ್ಟ್ರೇ, ನಮಗೆ ಕೋನ ಅಳೆಯಲು ಕಲಿಸಿದ್ದು ನೀವೇ ಅಲ್ವಾ?’

ಹೌದು, ನಾನು ಗಣಿತದ ಮಾಷ್ಟ್ರು. ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಕನ್ನಡ ಮಾಧ್ಯಮದವನು. ಬರುವ ಮೇ 31ಕ್ಕೆ ರಿಟೈರ್ ಆಗುತ್ತೇನೆ. ಕೇರಳದಲ್ಲಿ ನಮ್ಮ ಕಾಲದವರಿಗೆ 56 ಅಂದರೆ ಆಟ ಮುಗಿಯಿತು. ನಮ್ಮಲ್ಲಿ ತುಂಬಾ ಜನ ಮೇ ತಿಂಗಳಲ್ಲೇ ಹುಟ್ಟಿದವರು! ಶಾಲೆಗೆ ಸೇರಿಸುವಾಗ ಜೂನ್ ಒಂದಕ್ಕೆ ವಯಸ್ಸು ತುಂಬಬೇಕಿತ್ತು. ಹಾಗಾಗಿ ಮಾಷ್ಟ್ರೇ ಮೇ ತಿಂಗಳ ಒಂದು ತಾರೀಕು ಬರೆದುಬಿಡುತ್ತಿದ್ದರು. ಅಮ್ಮನ ಲೆಕ್ಕದಲ್ಲಿ ನಾನು ಹುಟ್ಟಿದ್ದು ಆಟಿ ತಿಂಗಳ ಮಳೆಯಲ್ಲಿ.

ಇರಲಿ. ಮೊದಲು ಸ್ಟ್ರೈಕರು, ಭಾರತಕ್ಕೆ ಗೋಲು ಹೊಡೆಯುತ್ತಿದ್ದ ಫುಟ್‌ಬಾಲ್ ಆಟಗಾರ ಛೇತ್ರಿಯ ವಿಷಯಕ್ಕೆ ಬರುತ್ತೇನೆ.

ಕಾಸರಗೋಡು ಜಿಲ್ಲೆ ಆದದ್ದು 1984ರ ಮೇ 24ಕ್ಕೆ. ಸುನಿಲ್ ಛೇತ್ರಿ ಹುಟ್ಟಿದ್ದು ಅದೇ ವರ್ಷ ಆಗಸ್ಟ್ 3ಕ್ಕೆ. ನಮ್ಮ ಜಿಲ್ಲೆಗೂ ಅವರಿಗೂ ಒಂದೇ ಪ್ರಾಯ. ಅವರು 2013ರಿಂದ ಬೆಂಗಳೂರು ಎಫ್‌ಸಿಯಲ್ಲಿ ಆಡಿದವರು. ಹಾಗಾಗಿ ಕೇರಳ ಸರಕಾರದ ಸಂಬಳ ತಿನ್ನುವ ನಾನು ಬೆಂಗಳೂರಿನ ಅಭಿಮಾನಿ ಆದೆ. ನನ್ನ ಮಗ ಕೇರಳ ಬ್ಲಾಸ್ಟರ್ಸ್ ಕ್ಲಬ್ಬಿನ ಕಡೆ. ಅವನ ಹಳದಿ ಜೆರ್ಸಿಯೂ ನನ್ನ ನೀಲಿಯೂ ಮನೆಯಲ್ಲಿ ಒಂದೇ ಹಗ್ಗದಲ್ಲಿ ಒಣಗುತ್ತವೆ. ಆದರೆ ತ್ರಿಕ್ಕರಿಪುರದ ಮೊಹಮ್ಮದ್ ರಫಿಯ ವಿಷಯದಲ್ಲಿ ನಮ್ಮಲ್ಲಿ ಜಗಳ ಇಲ್ಲ. 2016ರ ಇಂಡಿಯನ್ ಸೂಪರ್ ಲೀಗ್ ಫೈನಲ್ಲಿನಲ್ಲಿ ಕೊಚ್ಚಿಯಲ್ಲಿ ಬ್ಲಾಸ್ಟರ್ಸಿಗೆ ತಲೆಯಿಂದ ಗೋಲು ಹೊಡೆದ ನಮ್ಮ ಜಿಲ್ಲೆಯವರು. ಅಭಿಮಾನಿಗಳು ಅವರನ್ನು ‘ಹೆಡ್ ಮಾಸ್ಟರ್’ ಅಂತ ಕರೆದರು. ಪ್ರಮೋಶನ್ನಿಗೆ ಕಾಯದೆ ಹೆಡ್ ಮಾಸ್ಟರ್ ಆದ ಏಕೈಕ ವ್ಯಕ್ತಿ ಅಂತ ನಮ್ಮ ಸ್ಟಾಫ್ ರೂಮಿನಲ್ಲಿ ಹೇಳುವುದುಂಟು.

ಛೇತ್ರಿ 2005ರಲ್ಲಿ ಕ್ವೆಟ್ಟಾದಲ್ಲಿ ಪಾಕಿಸ್ತಾನದ ವಿರುದ್ಧ ಮೊದಲ ಪಂದ್ಯ ಆಡಿದರು, ಅದರಲ್ಲೇ ಗೋಲು ಹೊಡೆದರು. 2024ರ ಜೂನ್ 6ಕ್ಕೆ ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ಆಡಿ ದೇಶದ ಜೆರ್ಸಿ ಕಳಚಿದರು. 151 ಪಂದ್ಯ, 94 ಗೋಲು. ಆಗ ಆಡುತ್ತಿದ್ದವರಲ್ಲಿ ದೇಶಕ್ಕಾಗಿ ಅವರಿಗಿಂತ ಜಾಸ್ತಿ ಗೋಲು ಹೊಡೆದವರು ಇಬ್ಬರೇ, ರೊನಾಲ್ಡೊ ಮತ್ತು ಮೆಸ್ಸಿ. ಕೊನೆಯ ಪಂದ್ಯ ಗೋಲಿಲ್ಲದೆ ಮುಗಿಯಿತು. ಅವರು ಅತ್ತರು. ನಮ್ಮ ಮನೆಯಲ್ಲಿ ನಾನು ಕನ್ನಡಕ ಒರೆಸಿಕೊಂಡೆ.

ಆಮೇಲೆ ಏನಾಯಿತು? 2024 ಇಡೀ ವರ್ಷ ಭಾರತ ಒಂದೇ ಒಂದು ಪಂದ್ಯ ಗೆಲ್ಲಲಿಲ್ಲ. ಗೋಲು ಹೊಡೆಯುವವರೇ ಇಲ್ಲ. ಅತ್ತ ಕ್ಲಬ್ಬಿನಲ್ಲಿ ಈ 40ರ ಮನುಷ್ಯ ಆ ಸೀಸನ್ನಿನಲ್ಲಿ 14 ಗೋಲು ಹೊಡೆದ. ಕೋಚ್ ಮನೋಲೊ ಮಾರ್ಕೆಸ್ ಬೇರೆ ದಾರಿ ಕಾಣದೆ ವಾಪಸ್ ಕರೆದರು. 2025ರ ಮಾರ್ಚ್ 19, ಶಿಲ್ಲಾಂಗ್. ಮಾಲ್ಡೀವ್ಸ್ ವಿರುದ್ಧ 3–0. ಮೂರನೆಯ ಗೋಲು ಛೇತ್ರಿಯದ್ದು, 95ನೆಯದ್ದು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೋ ಅಂದರು. ನನಗೆ ಖುಷಿಯೂ ಆಯಿತು, ಒಳಗೆ ಒಂದು ಕಡೆ ಚುಚ್ಚಿತು ಕೂಡ. ಮುದುಕ ಗೋಲು ಹೊಡೆದದ್ದು ಅವನ ದೊಡ್ಡಸ್ತಿಕೆ. ಅವನನ್ನೇ ಕರೆಯಬೇಕಾಗಿ ಬಂದದ್ದು ಯಾರ ದೊಡ್ಡಸ್ತಿಕೆ?

ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ನಮ್ಮ ಲೀಗಿನ ಕ್ಲಬ್ಬುಗಳಲ್ಲಿ ನಡುವಿನ ಫಾರ್ವರ್ಡ್ ಜಾಗ ಹೆಚ್ಚಾಗಿ ವಿದೇಶಿ ಆಟಗಾರನಿಗೆ. ನಮ್ಮ ಹುಡುಗರನ್ನು ಬದಿಗೆ ಹಾಕುತ್ತಾರೆ. ಛೇತ್ರಿಯೇ ಕ್ಲಬ್ಬಿನಲ್ಲಿ ಎಷ್ಟೋ ಸೀಸನ್ ಎಡ ಬದಿಯಲ್ಲಿ ಆಡಿದವರು. ಹತ್ತು ವರ್ಷ ಆ ಜಾಗದಲ್ಲಿ ಆಡಲು ಬಿಡದೆ, ಹನ್ನೊಂದನೇ ವರ್ಷ ‘ಸ್ಟ್ರೈಕರ್ ಎಲ್ಲಿ’ ಅಂತ ಕೇಳಿದರೆ ಎಲ್ಲಿಂದ ಬರಬೇಕು? 2025ರ ಅಕ್ಟೋಬರಿನಲ್ಲಿ ಗೋವಾದಲ್ಲಿ ಸಿಂಗಾಪುರಕ್ಕೆ 2–1ರಿಂದ ಸೋತೆವು. ಏಷ್ಯನ್ ಕಪ್ಪಿನ ಬಾಗಿಲು ಮುಚ್ಚಿತು. ಬೈಗುಳ ಮಾತ್ರ ಛೇತ್ರಿಗೆ. ‘ಇನ್ನೂ ಯಾಕೆ ಆಡ್ತಾನೆ’ ಅಂತ.

ಈಗ ಸ್ಟ್ರೈಕು.

ಫುಟ್‌ಬಾಲಿನಲ್ಲಿ ನಾನು ಕಂಡ ದೊಡ್ಡ ಮಿಂಚಿನ ಮುಷ್ಕರ 2023ರ ಮಾರ್ಚ್ 3ರದ್ದು. ಕಂಠೀರವ ಸ್ಟೇಡಿಯಂ, ಬೆಂಗಳೂರು ಮತ್ತು ಬ್ಲಾಸ್ಟರ್ಸ್ ನಾಕೌಟ್ ಪಂದ್ಯ. ಎಕ್ಸ್‌ಟ್ರಾ ಟೈಮಿನಲ್ಲಿ ಬೆಂಗಳೂರಿಗೆ ಫ್ರೀ ಕಿಕ್. ಬ್ಲಾಸ್ಟರ್ಸಿನ ಗೋಲ್ ಕೀಪರ್ ಚೆಂಡಿಗೆ ಅಡ್ಡವಾಗಿ ಇನ್ನೂ ಆಟಗಾರರ ಗೋಡೆ ನಿಲ್ಲಿಸುತ್ತಿದ್ದ. ಛೇತ್ರಿ ಸುಮ್ನೆ ಚೆಂಡನ್ನು ಒಳಗೆ ತೂರಿಸಿದರು. ರೆಫರಿ ಗೋಲು ಅಂದರು. ಬ್ಲಾಸ್ಟರ್ಸಿನ ಕೋಚ್ ವುಕೊಮನೋವಿಚ್ ತಮ್ಮ ಹುಡುಗರನ್ನೆಲ್ಲ ಹೊರಗೆ ಕರೆದುಬಿಟ್ಟರು. ಟೀಮ್ ಮತ್ತೆ ಒಳಗೆ ಹೋಗಲಿಲ್ಲ. ಪಂದ್ಯ ಬೆಂಗಳೂರಿಗೆ ಹೋಯಿತು. ಬ್ಲಾಸ್ಟರ್ಸಿಗೆ 4 ಕೋಟಿ ರೂಪಾಯಿ ದಂಡ, ಕೋಚಿಗೆ 10 ಪಂದ್ಯ ನಿಷೇಧ.

ಮಗ ಆ ರಾತ್ರಿ ನನ್ನ ಹತ್ತಿರ ಮಾತಾಡಲಿಲ್ಲ. ಬೆಳಿಗ್ಗೆ ಚಾ ಕುಡಿಯುವಾಗ ಅಂದ: ‘ಅಪ್ಪ, ನೀವು ಸ್ಟ್ರೈಕಿಗೆ ಹೋದರೆ ಹೋರಾಟ, ನಮ್ಮವರು ಹೋದರೆ ತಪ್ಪಾ?’ ನಾನು ಹೇಳಿದೆ: ‘ನಮಗೂ ದಂಡ ಉಂಟು ಮಗ, ಅದಕ್ಕೆ ಡಯಸ್ ನಾನ್ ಅನ್ನುತ್ತಾರೆ.’

ಕೇರಳದ ನೌಕರರಿಗೆ ಈ ಪದ ಗೊತ್ತು. ಸ್ಟ್ರೈಕ್ ಮಾಡಿದ ದಿನ ಲೆಕ್ಕಕ್ಕಿಲ್ಲದ ದಿನ. ಆ ದಿನದ ಸಂಬಳ ಇಲ್ಲ. 2002ರಲ್ಲಿ ಹಾಗೆ 32 ದಿನ ಹೊರಗೆ ಕೂತೆವು. ಎ.ಕೆ. ಆಂಟನಿ ಸರಕಾರ ಖರ್ಚು ಕಡಿಮೆ ಮಾಡುತ್ತೇವೆ ಅಂತ ನೌಕರರ ಸವಲತ್ತಿಗೆ ಕತ್ತರಿ ಹಾಕಿತ್ತು. ನನಗೆ ಕೆಲಸ ಸಿಕ್ಕಿ ಐದು ವರ್ಷ, ಮಗ ಕೈಕೂಸು. ಜಿನಸಿನ ಅಂಗಡಿಯ ಪುಸ್ತಕದಲ್ಲಿ ನನ್ನ ಹೆಸರಿನ ಪುಟ ತುಂಬಿ, ಇನ್ನೊಂದು ಪುಟಕ್ಕೆ ಹೋಯಿತು. ಅಂಗಡಿಯ ಬ್ಯಾರಿ ಏನೂ ಹೇಳಲಿಲ್ಲ, ಪುಟ ಮಡಚಿ ಇಟ್ಟರು ಅಷ್ಟೆ.

ಆಗ ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬರುತ್ತಿತ್ತು. ಹಗಲು ಘೋಷಣೆ ಕೂಗಿ ಬಂದು, ಸಂಜೆ ಮನೆಯಂಗಳದಲ್ಲಿ ಒಣಹಾಕಿದ ಅಡಿಕೆಯನ್ನು ಬದಿಗೆ ಸರಿಸಿ, ಹತ್ತನೇ ಕ್ಲಾಸಿನ ಹದಿಮೂರು ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟೆ. ಕಪ್ಪು ಹಲಗೆ ಇಲ್ಲ, ಸಗಣಿ ಸಾರಿಸಿದ ಅಂಗಳದಲ್ಲೇ ಚಾಕ್‌ಪೀಸಿನಿಂದ ಬರೆಯುವುದು. ಸಂಘದವರಿಗೆ ಗೊತ್ತಾಗಿ ಒಬ್ಬ ಹಿರಿಯರು ಬಂದು ಗದರಿಸಿದರು. ಇದು ಸ್ಟ್ರೈಕ್ ಮುರಿದ ಹಾಗೆ ಅಲ್ವಾ ಅಂದರು. ಸಂಬಳ ತೆಗೆದುಕೊಳ್ಳದೆ ಪಾಠ ಮಾಡಿದರೆ ಅದು ಕೆಲಸವೋ ಮುಷ್ಕರವೋ ಅಂತ ನನಗೆ ಇವತ್ತಿಗೂ ತೀರ್ಮಾನ ಆಗಿಲ್ಲ.

2013ರ ಜನವರಿಯಲ್ಲಿ ಮತ್ತೆ ಆರು ದಿನ. ಏಪ್ರಿಲ್ 1ರಿಂದ ಕೆಲಸಕ್ಕೆ ಸೇರುವವರಿಗೆ ಹಳೆ ಪಿಂಚಣಿ ಇಲ್ಲ, ತಿಂಗಳು ತಿಂಗಳು ಅವರ ಸಂಬಳದಿಂದ 10 ಶೇಕಡ ಹಿಡಿದು ಹೊಸ ಪಿಂಚಣಿ ಅಂತ ಸರಕಾರ ಹೇಳಿತ್ತು. ನನಗೆ ಅದು ಸಂಬಂಧವೇ ಇಲ್ಲ. ಮುಂದೆ ಬರುವವರಿಗಾಗಿ ಕೂತೆವು. ಆ ಆರು ದಿನದ ಬಗ್ಗೆ ನನಗೆ ಹೆಮ್ಮೆ ಉಂಟು, ಸೋತರೂ. ಆಮೇಲಿನ ಒಂದೊಂದು ದಿನದ ಸ್ಟ್ರೈಕುಗಳು ಊಟಕ್ಕಿಲ್ಲದ ಉಪ್ಪಿನಕಾಯಿ. 2025ರ ಜನವರಿ 22ಕ್ಕೂ ಒಂದಾಯಿತು, ತುಟ್ಟಿಭತ್ಯೆಯ, ಅಂದರೆ ಡಿ.ಎ. ಬಾಕಿಗೆ. ಮಧ್ಯಮೈದಾನದಲ್ಲೇ ಚೆಂಡನ್ನು ಅತ್ತಿಂದಿತ್ತ ಪಾಸ್ ಮಾಡಿದ ಹಾಗೆ. ಗೋಲಿನ ಕಡೆ ಯಾರೂ ನೋಡುವುದಿಲ್ಲ.

ಆದರೆ ನಾನು ಇವತ್ತು ಹೇಳಬೇಕು ಅಂತ ಬಂದದ್ದು ಬೇರೆಯೇ ಒಂದು ಸ್ಟ್ರೈಕಿನ ವಿಷಯ. ಅದರಲ್ಲಿ ನಾನಿರಲಿಲ್ಲ.

ಕೆಲವು ವರ್ಷ ಹಿಂದೆ ನಮ್ಮ ಶಾಲೆಯಲ್ಲಿ ನನ್ನ ಜೊತೆಯ ಗಣಿತ ಮಾಷ್ಟ್ರು ರಿಟೈರ್ ಆದರು. ಆ ಜಾಗ ಖಾಲಿ ಬಿತ್ತು. ಕೊನೆಗೂ ಒಬ್ಬರು ಟೀಚರ್ ಬಂದರು. ಕೇರಳದ ದಕ್ಷಿಣದವರು. ಕನ್ನಡ ಒಂದಕ್ಷರ ಬಾರದು. ಬೋರ್ಡಿನಲ್ಲಿ ಒಂದು ತ್ರಿಭುಜ ಬರೆದು ‘ತ್ರಿಕೋಣಂ’ ಅಂದರು. ಮಕ್ಕಳು ಹೇಗೋ ಅರ್ಥ ಮಾಡಿಕೊಂಡರು. ಚೌಕ ಬರೆದು ‘ಸಮಚತುರಂ’ ಅಂದರು. ಹಿಂದಿನ ಬೆಂಚು ನಕ್ಕಿತು. ಎಂಟನೇ ಕ್ಲಾಸಿನ ಮಕ್ಕಳಲ್ಲಿ ಮನೆಯಲ್ಲಿ ತುಳು ಮಾತಾಡುವವರಿದ್ದರು, ಬ್ಯಾರಿ, ಕೊಂಕಣಿ, ಮರಾಠಿ ಮಾತಾಡುವವರಿದ್ದರು. ಪಾಠ ಕಲಿಯುವ ಭಾಷೆ ಎಲ್ಲರಿಗೂ ಕನ್ನಡ. ಟೀಚರ್ ಸ್ಟಾಫ್ ರೂಮಿಗೆ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಅತ್ತರು. ‘ಮಾಷೆ, ನನ್ನನ್ನು ಇಲ್ಲಿಗೆ ಹಾಕಿದರು, ನಾನೇನು ಮಾಡಲಿ’ ಅಂತ ಮಲಯಾಳದಲ್ಲಿ ಕೇಳಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಗೋಲ್ ಕೀಪರನ್ನು ಫಾರ್ವರ್ಡ್ ಆಡಿಸಿದರೆ ಅವನದ್ದೇನು ತಪ್ಪು?

ಎರಡನೇ ವಾರ ಮಕ್ಕಳು ಕ್ಲಾಸಿಗೆ ಹೋಗಲಿಲ್ಲ. ಗೇಟಿನ ಹತ್ತಿರ ಚೀಲ ಕೆಳಗಿಟ್ಟು ಸಾಲಾಗಿ ಕೂತರು. ಅಪ್ಪ ಅಮ್ಮಂದಿರು ಕೊಡೆ ಹಿಡಿದು ಹಿಂದೆ ನಿಂತರು. ಜುಲೈ ತಿಂಗಳು, ಮಳೆ. ನಾವು ಮಾಷ್ಟ್ರುಗಳು? ಒಬ್ಬೊಬ್ಬರೇ ಆ ಮಕ್ಕಳ ಬದಿಯಿಂದ ದಾಟಿ ಒಳಗೆ ಹೋಗಿ ಹಾಜರಿ ಪುಸ್ತಕಕ್ಕೆ ಸಹಿ ಹಾಕಿದೆವು. 32 ದಿನ ಸಂಬಳ ಬಿಟ್ಟವನು ನಾನು. ಆ ದಿನ ಅರ್ಧ ದಿನದ ಸಂಬಳ ಬಿಡಲಿಲ್ಲ. ಡಿ.ಎ.ಗೆ ಸ್ಟ್ರೈಕ್ ಮಾಡಿದ್ದೇವೆ, ಪಿಂಚಣಿಗೆ ಮಾಡಿದ್ದೇವೆ. ಕನ್ನಡ ಕ್ಲಾಸಿಗೆ ಕನ್ನಡ ಬರುವ ಟೀಚರ್ ಬೇಕು ಅಂತ ಸ್ಟ್ರೈಕ್ ಮಾಡಿದವರು ಹದಿಮೂರು ವರ್ಷದ ಮಕ್ಕಳು.

ಟೀಚರ್ ರಜೆ ಹಾಕಿ ಹೋದರು. ಆ ಜಾಗಕ್ಕೆ ದಿನಗೂಲಿಗೆ ಒಬ್ಬ ಹುಡುಗಿ ಬಂದಳು. ಚೆನ್ನಾಗಿ ಪಾಠ ಮಾಡುತ್ತಿದ್ದಳು. ಮಾರ್ಚ್ ಮುಗಿದದ್ದೇ ಅವಳ ಕೆಲಸವೂ ಮುಗಿಯಿತು. ಆಮೇಲೆ ಇನ್ನೊಬ್ಬಳು, ಅವಳ ನಂತರ ಮತ್ತೊಬ್ಬಳು. ಯಾರಿಗೂ ಒಂದು ಸೀಸನ್ ಪೂರ್ತಿ ಆಡಲು ಸಿಗಲಿಲ್ಲ.

ಈ ಮೇ ತಿಂಗಳಿಗೆ ನನ್ನ ಜಾಗವೂ ಖಾಲಿ. ಕಳೆದ ವಾರ ಹತ್ತನೇ ಕ್ಲಾಸಿನಲ್ಲಿ ಸ್ಪರ್ಶಕದ ಲೆಕ್ಕ ಮುಗಿಸಿ ಚಾಕ್‌ಪೀಸ್ ಪುಡಿ ಕೊಡವುತ್ತಿದ್ದೆ. ಎರಡನೇ ಬೆಂಚಿನ ಹುಡುಗಿ ಎದ್ದು ನಿಂತಳು. ಆ ಆಟೋದ ಹುಡುಗನ ತಂಗಿ.

‘ಮಾಷ್ಟ್ರೇ, ಯಾರೂ ಸಿಗದಿದ್ದರೆ ನಿಮ್ಮನ್ನು ಛೇತ್ರಿ ಹಾಗೆ ವಾಪಸ್ ಕರೆದರೆ ಬರ್ತೀರಾ?’

‘ಬರ್ತೇನೆ’ ಅಂದೆ. ‘ಆದ್ರೆ ಕರೆಯೋ ಹಾಗೆ ಆಗಬಾರದು ಮಗಳೇ.’

ಅವಳು ಕೂತಳು. ಮತ್ತೆ ಎದ್ದಳು.

‘ಅಣ್ಣ ಹೇಳಿದ್ದಾನೆ, ಬಂದರೂ ಪೆನಾಲ್ಟಿ ಮಾತ್ರ ಹೊಡೆಯಬಾರದಂತೆ.’

ನಮಸ್ಕಾರ.