ಮಾವ ತಂದ ರೆಗ್ಯುಲೇಟರ್ ಮತ್ತು ನಮ್ಮ ಮಳೆಗಾಲದ ಬ್ಯಾಗ್

ಇದು ಗ್ಯಾಸ್ ರೆಗ್ಯುಲೇಟರ್. ಮಾಮೂಲಿದೇ, ಅಡುಗೆಮನೆ ಸಿಲಿಂಡರಿಗೆ ಹಾಕೋದು. 2018ರ ಆಗಸ್ಟ್ 17ರ ಬೆಳಿಗ್ಗೆ ಗುಡ್ಡ ಜರೀತಿದೆ ಅಂತ ನಾವು ಮನೆ ಬಿಟ್ಟು ಓಡಿದಾಗ ನಮ್ಮ ಮಾವ ಕೈಯಲ್ಲಿ ಹಿಡಿದು ತಂದದ್ದು ಇದೊಂದನ್ನೇ. ಗ್ಯಾಸ್ ಆಫ್ ಮಾಡೋಕೆ ಒಳಗೆ ಹೋದವರು, ಅದನ್ನು ಕಳಚಿದವರು, ಹಾಗೇ ಹಿಡ್ಕೊಂಡು ಬಂದುಬಿಟ್ಟರು. ಜಮೀನಿನ ದಾಖಲೆ, ಬ್ಯಾಂಕ್ ಪಾಸ್‌ಬುಕ್, ರೇಷನ್ ಕಾರ್ಡ್, ಅವರದ್ದೇ ಬಿಪಿ ಮಾತ್ರೆ, ಎಲ್ಲಾ ಗೋದ್ರೆಜ್‌ನಲ್ಲೇ ಉಳೀತು. ಪರಿಹಾರ ಕೇಂದ್ರದಲ್ಲಿ ಹೆಸರು ಬರೆಸೋವಾಗ ಆಧಾರ್ ಕೊಡಿ ಅಂದರೆ ಮಾವ ರೆಗ್ಯುಲೇಟರ್ ಇರೋ ಕೈಯನ್ನೇ ಮುಂದೆ ಮಾಡಿದ್ದರು. ಈಗ ನೆನೆಸಿಕೊಂಡರೆ ನಗು ಬರುತ್ತೆ. ಆವತ್ತು ಯಾರೂ ನಗಲಿಲ್ಲ.

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಇರೋದು ಕೊಡಗಿನಲ್ಲಿ, ಮಾದಾಪುರದಿಂದ ಮೇಲಕ್ಕೆ, ಗುಡ್ಡದ ಬದಿಗೆ. ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು, ಕಾಲೂರು, ಜೋಡುಪಾಲ ಅಂತ ಆ ವರ್ಷ ಟಿವಿಯಲ್ಲಿ ದಿನಾ ಬರ್ತಿದ್ದ ಹೆಸರುಗಳು ನೆನಪಿರಬೇಕಲ್ವಾ, ಅದೇ ಸುತ್ತಮುತ್ತ. ಈಗ ಮೇ ಕೊನೆ ವಾರ. ಆಕಾಶ ಇನ್ನೂ ಸುಮ್ನೆ ಇದೆ. ವರ್ಷಕ್ಕೊಂದು ಸಲ ಈ ಹೊತ್ತಿಗೆ ನಾವು, ಮನೆ ಬಿಟ್ಟು ಓಡಬೇಕಾಗಿ ಬಂದರೆ ಹೊತ್ತುಕೊಳ್ಳೋ ಬ್ಯಾಗ್ ಬಿಚ್ಚಿ ಮತ್ತೆ ಕಟ್ಟುತ್ತೇವೆ. ಇವತ್ತು ಅದನ್ನೇ ತೋರಿಸ್ತೀನಿ.

ಮೊದಲು ನೋಡಿ, ಬ್ಯಾಗ್ ನೇತಾಡ್ತಾ ಇರೋದು ಮುಂಬಾಗಿಲ ಹಿಂದೆ. ಅಟ್ಟದ ಮೇಲಲ್ಲ, ಮಂಚದ ಕೆಳಗಲ್ಲ. ಮಗಳ ಹಳೇ ಸ್ಕೂಲ್ ಬ್ಯಾಗೇ ಇದು. ಒಳಗೆ ಗೊಬ್ಬರದ ಚೀಲದ ಪ್ಲಾಸ್ಟಿಕ್ ಲೈನಿಂಗ್ ತೊಳೆದು ಹಾಕಿದ್ದೇವೆ. ಇಲ್ಲಿನ ಜೂಲೈ ಮಳೆಗೆ ವಾಟರ್‌ಪ್ರೂಫ್ ಅಂತ ಬರೆದಿರೋ ಬ್ಯಾಗ್ ಕೂಡ ಅರ್ಧ ಗಂಟೆಯಲ್ಲಿ ಸೋಲುತ್ತೆ, ಗೊಬ್ಬರದ ಚೀಲ ಸೋಲಲ್ಲ.

ಇದು ಕಾಗದಗಳ ಕವರ್. ಆಧಾರ್, ರೇಷನ್ ಕಾರ್ಡ್, ಪಹಣಿ, ಪಾಸ್‌ಬುಕ್ ಮೊದಲ ಪುಟ, ಮಗಳ ಜನನ ಪ್ರಮಾಣಪತ್ರ, ಎಲ್ಲಾ ಜೆರಾಕ್ಸ್. ಆಗುವಷ್ಟನ್ನು ಫೋನಲ್ಲಿ ದಾಖಲೆ ಇಡೋ ಡಿಜಿಲಾಕರ್ ಆ್ಯಪ್‌ನಲ್ಲೂ ಹಾಕಿದ್ದೇವೆ. ಆದರೆ ಟವರ್ ಸತ್ತರೆ ಡಿಜಿಲಾಕರ್ ತೆಗೆಯೋದು ಹೇಗೆ? 2018ರಲ್ಲಿ ನಮಗೆ ದಿನಗಟ್ಟಲೆ ಕರೆಂಟೂ ಇರಲಿಲ್ಲ, ನೆಟ್‌ವರ್ಕೂ ಇರಲಿಲ್ಲ. ಅದಕ್ಕೇ ಈ ಚೀಟಿ. ಹತ್ತು ಜನರ ಫೋನ್ ನಂಬರ್, ಜೊತೆಗೆ ತುರ್ತು ನಂಬರ್ 112, ಜಿಲ್ಲೆಯ ವಿಪತ್ತು ಸಹಾಯವಾಣಿ 1077. ಪೆನ್ಸಿಲ್‌ನಲ್ಲಿ ಬರೆದಿದ್ದೀನಿ, ಯಾಕೆ ಅಂದ್ರೆ ಪೆನ್ನಿನ ಶಾಯಿ ಒದ್ದೆಯಾದರೆ ಹರಡಿ ನೀಲಿ ಕಲೆ ಆಗುತ್ತೆ. ಪೆನ್ಸಿಲ್ ಹಾಗೇ ಇರುತ್ತೆ. ಬೇಕಾದರೆ ನೀರಲ್ಲಿ ಅದ್ದಿ ನೋಡಿ.

ದುಡ್ಡು ಐದು ಸಾವಿರ, ಎಲ್ಲಾ ನೂರು, ಐವತ್ತು, ಇಪ್ಪತ್ತರ ನೋಟು. ಕರೆಂಟ್ ಇಲ್ಲದ ದಿನ ಐನೂರಕ್ಕೆ ಚಿಲ್ಲರೆ ಕೊಡುವ ಅಂಗಡಿ ಹುಡುಕಿ ನೋಡಿ, ಗೊತ್ತಾಗುತ್ತೆ. ಟಾರ್ಚ್, ಪವರ್ ಬ್ಯಾಂಕ್, ಸೀಟಿ, ಹಗ್ಗ, ಕತ್ತಿ. ಅವಲಕ್ಕಿ, ಬೆಲ್ಲ, ಬಿಸ್ಕೆಟ್, ಓಆರ್‌ಎಸ್. ಕುಡಿಯುವ ನೀರು ಒಬ್ಬರಿಗೆ ದಿನಕ್ಕೆ ಮೂರು ಲೀಟರ್ ಅಂತ ಲೆಕ್ಕ ಹೇಳ್ತಾರೆ. ಅಷ್ಟನ್ನು ಹೊತ್ತು ಕೆಸರಲ್ಲಿ ಗುಡ್ಡ ಇಳಿಯೋಕೆ ಆಗಲ್ಲ, ತಲೆಗೊಂದು ಲೀಟರ್ ಬಾಟಲಿ ಮತ್ತು ಕ್ಲೋರಿನ್ ಮಾತ್ರೆ ಇಟ್ಟಿದ್ದೇವೆ. ಇಂಬಳಕ್ಕೆ, ಅಂದ್ರೆ ಜಿಗಣೆಗೆ, ಬಟ್ಟೆಯಲ್ಲಿ ಕಟ್ಟಿದ ಉಪ್ಪು. ಮಾವನ ಮಾತ್ರೆ ಹದಿನೈದು ದಿನಕ್ಕಾಗುವಷ್ಟು. ಪ್ರತಿ ತಿಂಗಳು ಹೊಸ ಮಾತ್ರೆ ತಂದಾಗ ಅದು ಬ್ಯಾಗಿಗೆ ಹೋಗುತ್ತೆ, ಬ್ಯಾಗಿನಲ್ಲಿದ್ದದ್ದು ಡಬ್ಬಿಗೆ ಬರುತ್ತೆ. ಇಲ್ಲದಿದ್ದರೆ ಎಕ್ಸ್‌ಪೈರಿ ಮುಗಿದ ಮಾತ್ರೆ ಹೊತ್ತು ಓಡಿದ ಹಾಗಾಗುತ್ತೆ. ಅವರ ಹಳೇ ಕನ್ನಡಕವೂ ಇದೆ. ಹೆಣ್ಣುಮಕ್ಕಳಿಗೆ ಒಂದು ಮಾತು: ಪ್ಯಾಡ್, ಎರಡು ಜೊತೆ ಒಳಉಡುಪು, ಒಂದು ನೈಟಿ ತಪ್ಪದೆ ಇಡಿ. ಕೇಂದ್ರದಲ್ಲಿ ಕಂಬಳಿ ಕೊಡ್ತಾರೆ, ಅನ್ನ ಕೊಡ್ತಾರೆ, ಇದನ್ನು ಬಾಯಿಬಿಟ್ಟು ಕೇಳೋಕೆ ನನಗೆ ಎರಡು ದಿನ ಬೇಕಾಯ್ತು.

ಬ್ಯಾಗಿನ ಕತೆ ಇಷ್ಟೇ, ಒಂದು ಮಧ್ಯಾಹ್ನದ ಕೆಲಸ. ನಮ್ಮ ಮನೆಯಲ್ಲಿ ಜಗಳ ಆಗಿದ್ದು ಯಾವಾಗ ಎದ್ದು ಹೊರಡಬೇಕು ಅನ್ನೋದಕ್ಕೆ.

ಆ ವರ್ಷ ನಾವು ಎರಡು ದಿನ ತಡ ಮಾಡಿದೆವು. 15ನೇ ತಾರೀಕೇ ಮನೆ ಹಿಂದಿನ ಬರೆಯಿಂದ, ಅಂದ್ರೆ ಕಡಿದ ಗುಡ್ಡದ ಬದಿಯಿಂದ, ಮಣ್ಣು ಸ್ವಲ್ಪ ಸ್ವಲ್ಪ ಜರೀತಿತ್ತು. ಅಂಗಳದಲ್ಲಿ ಕೂದಲೆಳೆಯಂಥ ಬಿರುಕು. ಅಡುಗೆಮನೆ ಬಾಗಿಲು ಹಾಕಿದರೆ ಕೂರ್ತಾ ಇರಲಿಲ್ಲ, ಮಳೆಗೆ ಮರ ಉಬ್ಬಿದೆ ಅಂದುಕೊಂಡೆವು. 16ಕ್ಕೆ ತೋಟದ ಒರತೆ ನೀರು ಟೀ ಬಣ್ಣಕ್ಕೆ ತಿರುಗಿತು. ಇವೆಲ್ಲ ಗುಡ್ಡ ಜರುಗುವ ಸೂಚನೆ ಅಂತ ಈಗ ಮಗಳಿಗೂ ಬಾಯಿಪಾಠ. ಆಗ ಅತ್ತೆ ಅಂದದ್ದು, "ಕಕ್ಕಡ ಮುಗೀತಲ್ಲ, ಇನ್ನು ಮಳೆ ಇಳಿಯುತ್ತೆ ಬಿಡು." ಕಕ್ಕಡ ಅಂದ್ರೆ ಇಲ್ಲಿನ ಜೋರು ಮಳೆಯ ತಿಂಗಳು. ಆ ಬರೆ ಕಡಿಸಿದ್ದೂ ನಾವೇ, ಕಾರ್ ನಿಲ್ಲಿಸೋಕೆ ಜಾಗ ಬೇಕು ಅಂತ, ಜೆಸಿಬಿ ತಂದು ಗೋಡೆ ಥರ ನೇರ ಕಡಿಸಿದ್ದು. ಬುಡ ಕಡಿದ ಗುಡ್ಡ ನೀರು ಕುಡಿದು ಭಾರ ಆದ ಮೇಲೆ ಎಲ್ಲಿ ನಿಲ್ಲಬೇಕು ಹೇಳಿ.

ಈಗ ನಮ್ಮದೊಂದು ಲೆಕ್ಕ ಇದೆ. ಕಾಫಿ ತೋಟದವರ ಮನೆಯಲ್ಲಿ ಮಳೆ ಅಳೆಯೋ ರೈನ್ ಗೇಜ್ ಇರೋದು ನಿಮಗೆ ಗೊತ್ತಿರಬಹುದು. ಇಲ್ಲಿ ಇಬ್ಬರು ಸಿಕ್ಕರೆ ಊಟ ಆಯ್ತಾ ಅನ್ನೋಕಿಂತ ಮೊದಲು ನಿಮ್ಮಲ್ಲಿ ಎಷ್ಟು ಇಂಚು ಅಂತಲೇ ಕೇಳೋದು. ಮಾವ ಬೆಳಿಗ್ಗೆ ಅಳೆದು ಡೈರಿಯಲ್ಲಿ ಬರೀತಾರೆ. 24 ಗಂಟೆಯಲ್ಲಿ 204.4 ಮಿಲಿಮೀಟರ್ ದಾಟಿದರೆ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಅದು ಅತ್ಯಂತ ಭಾರಿ ಮಳೆ. ನಮ್ಮ ಭಾಷೆಯಲ್ಲಿ ಎಂಟು ಇಂಚು. ನಾವು ಅಷ್ಟಕ್ಕೆ ಕಾಯಲ್ಲ. ಎರಡು ದಿನ ಸತತ ಐದೈದು ಇಂಚು ಬಿದ್ದರೆ, ಅಥವಾ ಆ ಸೂಚನೆಗಳಲ್ಲಿ ಒಂದೇ ಒಂದು ಕಂಡರೂ, ಅಥವಾ ಪಂಚಾಯಿತಿಯವರು ಬಂದು ಹೇಳಿದರೆ, ಹೊರಡೋದೇ. ಐದು ಇಂಚು ನಾವೇ ಇಟ್ಟುಕೊಂಡ ಗೆರೆ, ನಿಮ್ಮ ಜಾಗಕ್ಕೆ ಬೇರೆ ಇರಬಹುದು. ಇನ್ನೊಂದು, ಹೊರಡೋದು ಸಂಜೆ ನಾಲ್ಕರೊಳಗೆ. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಗುಡ್ಡ ಬಂದದ್ದು ಜನ ಮಲಗಿದ್ದಾಗ, ನಡುರಾತ್ರಿ ಕಳೆದ ಮೇಲೆ. ಆ ಸುದ್ದಿ ನೋಡಿದ ದಿನ ಅತ್ತೆ ಮೊದಲ ಸಲ ಈ ಬ್ಯಾಗನ್ನು ಮುಟ್ಟಿದರು. ಅಲ್ಲಿವರೆಗೂ "ಹೊರಡೋ ಮೊದಲೇ ಗಂಟು ಕಟ್ಟಿಡೋದು ಅಪಶಕುನ" ಅಂತಲೇ ಗೊಣಗ್ತಾ ಇದ್ದರು. ಒಳಗೆ ಸಣ್ಣದೊಂದು ದೇವರ ಫೋಟೋ ಇದೆ ನೋಡಿ, ಅವರೇ ಇಟ್ಟದ್ದು.

ಹೋಗೋದು ಎಲ್ಲಿಗೆ? ಮೊದಲು ಪಿರಿಯಾಪಟ್ಟಣದ ನಾದಿನಿ ಮನೆ ಅಂತಿತ್ತು. ಸುಂಟಿಕೊಪ್ಪ, ಕುಶಾಲನಗರ ದಾಟಿ ಹೋಗಬೇಕು. ಆದರೆ 2018, 2019 ಎರಡೂ ವರ್ಷ ಕಾವೇರಿ ಉಕ್ಕಿ ಕುಶಾಲನಗರದ ಬಡಾವಣೆಗಳಿಗೇ ನೀರು ನುಗ್ಗಿತ್ತು. ಗುಡ್ಡದಿಂದ ತಪ್ಪಿಸಿಕೊಂಡು ಹೊಳೆ ಬಾಯಿಗೆ ಹೋಗೋದಾ? ಹಾಗಾಗಿ ಎರಡನೇ ದಾರಿ ಸೋಮವಾರಪೇಟೆ ಕಡೆಗೆ, ಅಲ್ಲಿ ನಮ್ಮ ಮನೆಯವರ ಚಿಕ್ಕಪ್ಪ ಇದ್ದಾರೆ. ಎರಡೂ ಮುಚ್ಚಿದರೆ ಕೆಳಗಿನ ಶಾಲೆ. ಒಬ್ಬೊಬ್ಬರು ಒಂದೊಂದು ಕಡೆ ಸಿಕ್ಕಿಹಾಕಿಕೊಂಡರೂ ಸೇರೋದು ಆ ಶಾಲೆಯ ಗೇಟಲ್ಲೇ.

ಕೆಲಸ ಹಂಚಿದ್ದೇವೆ. ಬ್ಯಾಗ್ ನನ್ನದು. ಅತ್ತೆಯ ಕೈ ಹಿಡಿಯೋದು ಮಗಳದ್ದು. ಕಾರ್ ನಮ್ಮ ಮನೆಯವರದ್ದು, ಮಳೆಗಾಲ ಪೂರ್ತಿ ಮೂತಿ ರಸ್ತೆ ಕಡೆಗೆ ಮಾಡಿ ನಿಲ್ಲಿಸ್ತಾರೆ. ಮಾವನಿಗೆ ಕೊಟ್ಟಿಗೆ. ದನದ ಹಗ್ಗ ಬಿಚ್ಚಬೇಡಿ, ಕುಯ್ದುಬಿಡಿ ಅಂತ ಹೇಳಿದ್ದೇವೆ. ಆವತ್ತು ಒದ್ದೆ ಗಂಟು ಬಿಚ್ಚೋಕೆ ಅವರು ಒಬ್ಬರೇ ವಾಪಸ್ ಹೋಗಿ ಇಪ್ಪತ್ತು ನಿಮಿಷ ಅಲ್ಲಿದ್ದರು. ಆ ಇಪ್ಪತ್ತು ನಿಮಿಷ ನಾನು ಕೆಳಗಿನ ತಿರುವಿನಲ್ಲಿ ಎರಡು ವರ್ಷದ ಮಗಳನ್ನು ಎತ್ತಿಕೊಂಡು ನಿಂತಿದ್ದೆ. ಮೇಲಿನಿಂದ ಲಾರಿ ಜಲ್ಲಿ ಸುರಿದ ಹಾಗೆ ಸದ್ದು ಬರ್ತಾ ಇತ್ತು. ದನ ಆಮೇಲೆ ಆರನೇ ದಿನ ಗದ್ದೆ ಹತ್ತಿರ ಸಿಕ್ಕಿತು. ಕೊಟ್ಟಿಗೆ ಸಿಗಲಿಲ್ಲ.

ಹೋದ ಭಾನುವಾರ ಒಂದು ರಿಹರ್ಸಲ್ ಮಾಡಿದೆವು. ಮಗಳು ಸೀಟಿ ಊದಿದಳು, ಫೋನಲ್ಲಿ ಟೈಮ್ ಹಾಕಿದಳು. ಮೊದಲ ಸಲ 23 ನಿಮಿಷ. ಅತ್ತೆ ಒಲೆ ಮೇಲಿದ್ದ ಸಾರು ಇಳಿಸಿ, ಮುಚ್ಚಿ, ಸೀರೆ ಬದಲಾಯಿಸಿಕೊಂಡು ಬಂದರು. ಎರಡನೇ ಸಲ 9 ನಿಮಿಷ. ಈ ಕ್ಲಿಪ್ ನೋಡಿ, ಎಲ್ಲರೂ ಕಾರಲ್ಲಿ ಕೂತಾಗಿದೆ, ನಾಯಿ ಹತ್ತೋಕೆ ತಯಾರಿಲ್ಲ, ಮಗಳು ಬಿಸ್ಕೆಟ್ ತೋರಿಸಿ ಕರೀತಾ ಇದ್ದಾಳೆ. ಹಿಂದೆ ಕೊಟ್ಟಿಗೆಯಿಂದ ಮಾವ ಬರ್ತಾ ಇದ್ದಾರೆ. ಕೈಯಲ್ಲಿ ಕತ್ತಿ ಮಾತ್ರ ಇದೆಯಾ ಅಂತ ಅತ್ತೆ ಕಿಟಕಿಯಿಂದ ಬಗ್ಗಿ ನೋಡ್ತಾ ಇದ್ದಾರೆ.